ಬಂದ ದನಿಗೆ ಮಣೆ ಹಾಕೋಣ

ಬೆಳ್ತಂಗಡಿ ತಾಲೂಕಿನ ಉಜಿರೆ ಬಳಿಯ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ತುಳುವಿನ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜತೆಗೂಡಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳ ಮಹಾಕಾವ್ಯವಾಗಿತ್ತು. ಆ ನಾಯ್ಕರೇ ಸಿರಿ ಜಾತ್ರೆಯಲ್ಲಿ ಸಿರಿಯ ಮಗ ಕುಮಾರನಾಗಿ ನಿಂತು ನೊಂದ ಹೆಂಗಸರನ್ನು ಮಾತಾಡಿಸುತ್ತಿದ್ದರು.

ಈ ಸಂಚಿಕೆಯ ಕಾಳಜಿ ಆ ಮಾತುಕತೆಯದು. ಸೀರೆಯುಟ್ಟು, ಕೈಯಲ್ಲಿ ಹಿಂಗಾರ ಹಿಡಿದ ಹೆಂಗಸು ಮೈದುಂಬಿ ನಡುಗುತ್ತಾಳೆ. ಕುಮಾರ ಕೇಳುತ್ತಾನೆ: ನೀನು ಯಾರು, ಯಾಕೆ ಬಂದೆ? ಮನೆಯವರು ಸುತ್ತ ನಿಂತಿರುತ್ತಾರೆ. ಒಮ್ಮೆಗೇ ಉತ್ತರ ಬಾರದಿದ್ದರೆ ಮತ್ತೊಂದು ಜಾತ್ರೆಗೂ ಕರೆತರುತ್ತಾರೆ. ತಾನು ಸಿರಿ, ಅವಳ ಮಗಳು ಸೊನ್ನೆ, ಅಬ್ಬಗೆ ಅಥವಾ ದಾರಗೆ ಎಂದು ದನಿ ಹೇಳಿಕೊಂಡ ಮೇಲೆ ಆಕೆ ಸಿರಿಗಳ ಸಾಲಿಗೆ ಸೇರುತ್ತಾಳೆ. ಗಂಡನ ಸೂಳೆ ಸಿದ್ದು ಮೊದಲು ಉಟ್ಟ ಸೀರೆಯನ್ನು ಬಯಕೆಯ ದಿನವೇ ಒಲ್ಲೆನೆಂದವಳು ಸಿರಿ. ಚೆನ್ನೆಮಣೆಯ ಆಟದಲ್ಲಿ ಜಗಳವಾಗಿ ಪ್ರಾಣ ಕಳೆದುಕೊಂಡ ಅವಳಿಗಳು ಅಬ್ಬಗೆ, ದಾರಗೆ. ಮನೆಯೊಳಗೆ ಬಾಯಿಬಿಡಲಾಗದ ಅವಮಾನ, ಸಿಟ್ಟು ಇವರ ಹೆಸರಿನಲ್ಲಿ ಹೊರಬರುತ್ತದೆ.

ಇದನ್ನು ಹೋಲುವ ಮಾತುಕತೆ ಇಂದಿನ ಮನೋಚಿಕಿತ್ಸೆಯಲ್ಲೂ ಇದೆ. ಅಮೆರಿಕದ ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ರೂಪಿಸಿದ ‘ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್’ ಪದ್ಧತಿ ಮನಸ್ಸನ್ನೇ ಒಂದು ಕುಟುಂಬವೆಂದು ಕಾಣುತ್ತದೆ. ಎಲ್ಲವನ್ನೂ ಹಿಡಿತದಲ್ಲಿಡುವ ಭಾಗ ಒಂದು; ನೋವು ಕೆರಳಿದಾಗ ಕುಡಿತಕ್ಕೋ ರೇಗಾಟಕ್ಕೋ ದೂಡುವ ಭಾಗ ಇನ್ನೊಂದು; ಇವೆರಡೂ ಕಾವಲು ಕಾಯುವುದು ಎಳವೆಯ ಗಾಯ ಹೊತ್ತ ಭಾಗಕ್ಕೆ. ಯಾವುದನ್ನೂ ಕಿತ್ತೆಸೆಯದೆ, ನಿನಗೇನು ಭಯ ಎಂದು ಒಂದೊಂದನ್ನೇ ವಿಚಾರಿಸುವುದು ಇದರ ಕ್ರಮ.

ಭಕ್ತರಿಗೆ ಸಿರಿ ದೈವ. ಆಕೆಯನ್ನು ಮನಸ್ಸಿನ ತುಣುಕು ಎಂದುಬಿಟ್ಟರೆ ಅನ್ಯಾಯವಾದೀತು. ಇನ್ನೊಂದು ವ್ಯತ್ಯಾಸವೂ ಇದೆ. ಶ್ವಾರ್ಟ್ಸರ ಪದ್ಧತಿಯಲ್ಲಿ ವಿಚಾರಿಸುವುದು ಆ ವ್ಯಕ್ತಿಯೊಳಗಿನ ಶಾಂತವಾದ ‘ತಾನು’. ಜಾತ್ರೆಯಲ್ಲಿ ಗಂಡ, ಅತ್ತೆ, ಅಣ್ಣ ಎಲ್ಲರೂ ನಿಂತು ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಹುಟ್ಟಿದ ನೋವು ಮನೆಯವರ ಕಿವಿಗೆ ಬೀಳದೆ ವಾಸಿಯಾಗದು. ಸಿರಿ ಜಾತ್ರೆಯಿಂದ ಮನೋವೈದ್ಯರೂ ಕಲಿಯಬೇಕಾದ ಪಾಠವಿದು.

ಜಾತ್ರೆಗೆ ಹೋದರೂ ವೈದ್ಯರು ಕೊಟ್ಟ ಔಷಧ ನಿಲ್ಲಿಸಬಾರದು. ಸಾಯುವ ಮಾತಾಡುವವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಸಿಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಓದುಗರಲ್ಲಿ ನಮ್ಮದೊಂದು ವಿನಂತಿ: ಮನೆಯ ಹೆಣ್ಣುಮಗಳು ಸುಮ್ಮನಾದರೆ, ಇಲ್ಲವೇ ಇದ್ದಕ್ಕಿದ್ದಂತೆ ಸಿಡಿದರೆ, ಮೊದಲು ಹತ್ತಿರ ಕೂತು ಏನಾಯಿತೆಂದು ಕೇಳಿ. ಅವಳು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.