ಶೂನ್ಯದಲ್ಲೂ ಎರಡು ಬಗೆ

ಸಣ್ಣ ಕಾರು ಕೊಳ್ಳುವವರು ಮೈಲೇಜು, ಸಾಲದ ಕಂತು ವಿಚಾರಿಸುತ್ತಾರೆ. ಅಪಘಾತ ಪರೀಕ್ಷೆಯ ಫಲಿತಾಂಶ ಕೇಳುವವರು ವಿರಳ. ಹೊಸರಿತ್ತಿಯ ನನ್ನ ಬಂಧುಗಳೂ ಇದಕ್ಕೆ ಹೊರತಲ್ಲ. ಅವರು ಓಡಾಡುವುದು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ. 2024ರ ಜೂನ್‌ನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಅಪ್ಪಳಿಸಿ 13 ಮಂದಿ ಅಸುನೀಗಿದ್ದು ಅದೇ ದಾರಿಯಲ್ಲಿ.

ಫಲಿತಾಂಶ ಕೇಳುವವರೂ ನಕ್ಷತ್ರ ಎಣಿಸಿ ಸುಮ್ಮನಾಗುತ್ತಾರೆ. ಅದು ಸಾಲದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದ ಐದು ಕಾರುಗಳಿಗೂ ದೊರೆತದ್ದು ಶೂನ್ಯ. ಆದರೆ ಆಲ್ಟೊ 800, ನ್ಯಾನೊ, ಐ10 ಕಾರುಗಳ ಚೌಕಟ್ಟೇ ದುರ್ಬಲವಾಗಿತ್ತು. ಫಿಗೊ, ಪೋಲೊಗಳ ಚೌಕಟ್ಟು ತಾಳಿಕೊಂಡಿತ್ತು, ಏರ್‌ಬ್ಯಾಗ್ ಇರಲಿಲ್ಲ, ಅಷ್ಟೆ. ಎರಡು ಏರ್‌ಬ್ಯಾಗ್ ಅಳವಡಿಸಿದ ಪೋಲೊ ನಾಲ್ಕು ನಕ್ಷತ್ರ ಗಳಿಸಿತು. ಇಂದು ಎರಡು ಏರ್‌ಬ್ಯಾಗ್ ಕಡ್ಡಾಯ. ಚೌಕಟ್ಟಿನ ಗಟ್ಟಿತನವನ್ನು ಮಾತ್ರ ವರದಿ ಓದಿಯೇ ಅರಿಯಬೇಕು. ಅದರಲ್ಲಿ ‘ಅಸ್ಥಿರ’ ಎಂಬ ಪದವಿದೆಯೇ ಎಂದು ನಾನಾದರೆ ನಕ್ಷತ್ರಕ್ಕಿಂತ ಮೊದಲು ನೋಡುತ್ತೇನೆ.

2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್, ಪರೀಕ್ಷೆಗೆ ಕಾರು ಒಪ್ಪಿಸುವುದನ್ನು ತಯಾರಕರ ಇಚ್ಛೆಗೆ ಬಿಟ್ಟಿತು. ನಪಾಸಾಗುವ ಭಯವಿದ್ದವನು ತಾನಾಗಿ ಪರೀಕ್ಷೆಗೆ ಕೂರುವನೇ? ಸರ್ಕಾರವು ಎಲ್ಲ ಮಾದರಿಗಳಿಗೂ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, ವರದಿಯನ್ನು ಷೋರೂಮಿನಲ್ಲಿ ಬೆಲೆಪಟ್ಟಿಯ ಪಕ್ಕದಲ್ಲೇ ಕನ್ನಡದಲ್ಲಿ ತೂಗುಹಾಕಿಸಬೇಕು.