ಮನೆಯ ಶಾಂತಿಯೂ ವರ್ತಕರ ಟೆಲಿಫೋನೂ

ಸಾಲ ಬೇಕೆ, ನಿವೇಶನ ಬೇಕೆ, ವಿಮೆ ಬೇಕೆ ಎಂದು ಹೊತ್ತುಗೊತ್ತಿಲ್ಲದೆ ಗೃಹಸ್ಥರ ಮನೆಗಳಿಗೆ ಟೆಲಿಫೋನು ಮಾಡಿ ಪೀಡಿಸುವ ಪದ್ಧತಿಯು ನಮ್ಮ ದೇಶದಲ್ಲಿ ಬೇರೂರಿ ಇಪ್ಪತ್ತು ವರ್ಷಗಳ ಮೇಲಾಯಿತು. ಇದನ್ನು ಅಲ್ಪ ವಿಷಯವೆಂದು ಬಗೆದು ನಕ್ಕುಬಿಡುವವರುಂಟು. ನಾವು ಹಾಗೆ ಬಗೆಯಲಾರೆವು. ಮನೆಯೊಳಗಿನ ನೆಮ್ಮದಿಯು ಪ್ರಜೆಯ ಹಕ್ಕೋ ಅಥವಾ ವರ್ತಕನು ದಯಪಾಲಿಸತಕ್ಕ ಭಿಕ್ಷೆಯೋ ಎಂಬ ಪ್ರಶ್ನೆಯು ಇದರಲ್ಲಿ ಅಡಗಿದೆ.

ನಿಯಮಗಳಿಗೇನೋ ಕೊರತೆಯಿಲ್ಲ. ಟ್ರಾಯ್ ಎಂದು ಹೆಸರಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೦೭ರಲ್ಲಿ ಮೊದಲ ನಿಯಮಾವಳಿಯನ್ನು ಹೊರಡಿಸಿ, ಇಂಥ ಕರೆಗಳನ್ನು ಒಲ್ಲದವರ ಹೆಸರುಗಳಿಗೆ ಒಂದು ದಾಖಲೆಯನ್ನು ಏರ್ಪಡಿಸಿತು. ಅದು ಸಾಲದೆ ೨೦೧೦ರಲ್ಲಿ ಎರಡನೆಯದು, ಅದೂ ಸಾಲದೆ ೨೦೧೮ರಲ್ಲಿ ಮೂರನೆಯದು, ೨೦೨೫ರ ಫೆಬ್ರುವರಿಯಲ್ಲಿ ಅದಕ್ಕೊಂದು ತಿದ್ದುಪಡಿ. ಇಷ್ಟು ಬಾರಿ ಔಷಧವನ್ನು ಬದಲಾಯಿಸಬೇಕಾದುದೇ ರೋಗವು ವಾಸಿಯಾಗಿಲ್ಲವೆಂಬುದಕ್ಕೆ ಸಾಕ್ಷಿ.

೨೦೨೫ರ ತಿದ್ದುಪಡಿಯಲ್ಲಿ ಮೆಚ್ಚತಕ್ಕ ಅಂಶಗಳಿವೆಯೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ದೂರು ಕೊಡಲು ಮೂರು ದಿನಗಳಿದ್ದ ಅವಧಿಯು ಏಳು ದಿನಗಳಾಗಿದೆ. ನೋಂದಾಯಿಸಿಕೊಳ್ಳದ ಮಾರಾಟಗಾರರ ಮೇಲಿನ ದೂರಿನ ವಿಷಯದಲ್ಲಿ ಕಂಪೆನಿಗಳು ಮೂವತ್ತು ದಿನಗಳಿಗೆ ಬದಲಾಗಿ ಐದೇ ದಿನಗಳಲ್ಲಿ ಕ್ರಮ ಕೈಕೊಳ್ಳತಕ್ಕದ್ದು. ಇಂಥ ಕರೆಗಳ ಲೆಕ್ಕವನ್ನು ತಪ್ಪಾಗಿ ಒಪ್ಪಿಸಿದ ಟೆಲಿಫೋನು ಕಂಪೆನಿಗೆ ಮೊದಲು ಎರಡು ಲಕ್ಷ, ಮರಳಿ ತಪ್ಪಿದರೆ ಐದು ಲಕ್ಷ, ಆಮೇಲೆ ಹತ್ತು ಲಕ್ಷ ರೂಪಾಯಿಗಳ ದಂಡ. ಪ್ರಚಾರದ ಕರೆಗಳಿಗೆ ೧೪೦ ಎಂದೂ, ಸೇವೆ ಮತ್ತು ವ್ಯವಹಾರದ ಕರೆಗಳಿಗೆ ೧೬೦೦ ಎಂದೂ ಆರಂಭವಾಗುವ ಸಂಖ್ಯೆಗಳನ್ನು ಬೇರೆಯಾಗಿಯೇ ಗೊತ್ತುಪಡಿಸಲಾಗಿದೆ.

ಆದರೆ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಚತುರರಿಗೆ ಈ ಬೇಲಿಯು ಎಷ್ಟರದು? ಸಾಮಾನ್ಯ ಗೃಹಸ್ಥನಂತೆ ಹತ್ತು ಅಂಕೆಯ ಸಂಖ್ಯೆಯನ್ನು ಕೊಂಡು, ಅದರಿಂದಲೇ ಅವರು ಕರೆ ಮಾಡುತ್ತಾರೆ. ಅದನ್ನು ಕಡಿದರೆ ಇನ್ನೊಂದನ್ನು ಕೊಳ್ಳುತ್ತಾರೆ. ಯಾರ ಸರಕನ್ನು ಮಾರಲು ಕರೆ ಬಂದಿತೋ ಆ ದೊಡ್ಡ ವರ್ತಕನನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಕಡಿಯುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆಯೆಳೆದಂತೆಯೇ ಸರಿ.

ದೋಷದ ಮೂಲವು ಇನ್ನೂ ಆಳದಲ್ಲಿದೆ. ನಮ್ಮ ವ್ಯವಸ್ಥೆಯು ತಲೆಕೆಳಗಾಗಿ ನಿಂತಿದೆ. ಒಳಗೆ ಬರಲು ಅಪ್ಪಣೆ ಬೇಡಬೇಕಾದವನು ಹೊರಗಿನವನು. ಇಲ್ಲಿಯಾದರೋ, ತನ್ನ ಮನೆಗೆ ಯಾರೂ ನುಗ್ಗಬಾರದೆಂದು ಮನೆಯ ಯಜಮಾನನೇ ಅರ್ಜಿ ಹಾಕಿಕೊಳ್ಳಬೇಕಾಗಿದೆ. ಜರ್ಮನಿಯಲ್ಲಿ ಗೃಹಸ್ಥನು ಮುಂಚಿತವಾಗಿ ಸ್ಪಷ್ಟ ಸಮ್ಮತಿಯನ್ನು ಕೊಟ್ಟಿದ್ದ ಹೊರತು ಜಾಹೀರಾತಿನ ಕರೆಯೇ ಕಾನೂನುಬಾಹಿರ. ದಂಡವು ಮೂರು ಲಕ್ಷ ಯೂರೋಗಳವರೆಗೂ ಏರಬಹುದು. ಅಮೆರಿಕದ ೧೯೯೧ರ ಕಾಯಿದೆಯ ಮೇರೆಗೆ ನೊಂದವನು ತಾನೇ ನ್ಯಾಯಾಲಯಕ್ಕೆ ಹೋಗಿ ಕರೆಯೊಂದಕ್ಕೆ ೫೦೦ ಡಾಲರುಗಳವರೆಗೆ ಪರಿಹಾರವನ್ನು ಕೇಳಬಹುದು. ಅಲ್ಲಿಯೂ ಈ ಪೀಡೆಯು ಪೂರ್ತಿ ಅಳಿದಿಲ್ಲವೆಂಬುದು ನಿಜ. ಆದರೆ ನೊಂದವನ ಕೈಯಲ್ಲಿ ಒಂದು ಆಯುಧವಾದರೂ ಇದೆ. ನಮ್ಮ ಟ್ರಾಯ್ ನಿಯಮಗಳಲ್ಲಿ ನೊಂದ ಗೃಹಸ್ಥನಿಗೆ ಇಂಥ ಪರಿಹಾರವಿಲ್ಲ.

ಖಾಸಗಿ ಜೀವನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ಏಕಕಂಠದಿಂದ ಸಾರಿದರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆ ತೀರ್ಪು ಗ್ರಂಥಾಲಯದ ಕಪಾಟಿನಲ್ಲಿ ಉಳಿಯತಕ್ಕದ್ದಲ್ಲ. ಮನೆಯ ಹಜಾರದಲ್ಲಿಯೂ ಅದರ ಫಲವು ಕಾಣಬೇಕು.

ಇದರಿಂದಾಗುವ ಹಾನಿಯು ನಿದ್ರಾಭಂಗವೊಂದೇ ಅಲ್ಲ. ಅಪರಿಚಿತ ಸಂಖ್ಯೆಯೆಂದರೆ ಜನರು ಟೆಲಿಫೋನನ್ನು ಎತ್ತುವುದನ್ನೇ ಬಿಡುತ್ತಿದ್ದಾರೆ; ಆಸ್ಪತ್ರೆಯಿಂದ ಬಂದ ಕರೆಯೂ ಹಾಗೆಯೇ ಮೊಳಗಿ ಸುಮ್ಮನಾಗುತ್ತದೆ. ಎತ್ತಿದವರಲ್ಲಿ ವೃದ್ಧರ ಪಾಡು ಇನ್ನೂ ಕಷ್ಟ. ನಯವಾದ ಮಾತಿನ ಅಪರಿಚಿತರಿಗೆ ಪ್ರತಿದಿನವೂ ಉತ್ತರ ಕೊಟ್ಟು ರೂಢಿಯಾದ ಕಿವಿಗೆ ವರ್ತಕನ ಧ್ವನಿಯಾವುದು, ವಂಚಕನ ಧ್ವನಿಯಾವುದು ಎಂಬ ಭೇದವೇ ತಿಳಿಯದು. ಪೋಲೀಸರೆಂದು ನಟಿಸಿ ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆಯಿಂದ ನಿವೃತ್ತರ ಜೀವಮಾನದ ಗಳಿಕೆಯನ್ನು ದೋಚುವ ಕಳ್ಳರು ಬರುವುದು ಇದೇ ತೆರೆದ ಬಾಗಿಲಿನಿಂದ.

೨೦೨೩ರ ದೂರಸಂಪರ್ಕ ಕಾಯಿದೆಯ ೨೮ನೆಯ ಕಲಮು ಪೂರ್ವಸಮ್ಮತಿಯ ಬಗ್ಗೆ ನಿಯಮಗಳನ್ನು ಮಾಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಆ ಅಧಿಕಾರವನ್ನು ಪೂರ್ಣವಾಗಿ ಚಲಾಯಿಸಿ, ಸಮ್ಮತಿಯಿಲ್ಲದೆ ಕರೆಯಿಲ್ಲವೆಂದು ವಿಧಿಸಲಿ; ಲಾಭ ಪಡೆಯುವ ವರ್ತಕನನ್ನೇ ಹೊಣೆಗಾರನನ್ನಾಗಿ ಮಾಡಲಿ; ದಂಡದಲ್ಲೊಂದು ಪಾಲು ನೊಂದವನಿಗೆ ಸಲ್ಲುವಂತೆ ಏರ್ಪಡಿಸಲಿ. ಈ ಮೂರನ್ನು ನಾವು ಒತ್ತಾಯದಿಂದ ಕೇಳುತ್ತೇವೆ.

ವಾಚಕರ ಕರ್ತವ್ಯವೂ ಉಂಟು. ೧೯೦೯ಕ್ಕೆ ಕರೆ ಮಾಡಿ ಹೆಸರನ್ನು ನೋಂದಾಯಿಸುವುದಕ್ಕೆ ಕಾಸು ತಗಲುವುದಿಲ್ಲ. ನೋಂದಾಯಿಸದಿದ್ದವರೂ ನಿಯಮ ಮೀರಿ ಸಾಮಾನ್ಯ ಸಂಖ್ಯೆಯಿಂದ ಬಂದ ಕರೆಯ ವಿಷಯವಾಗಿ ಈಗ ದೂರು ಕೊಡಬಹುದು. ಹತ್ತು ದಿನಗಳಲ್ಲಿ ಐದು ದೂರುಗಳು ಬಂದರೆ ಅಂಥವನ ಮೇಲೆ ಕ್ರಮ ಜರುಗಿಸಲು ಸಾಕು. ಬೈದು ಟೆಲಿಫೋನು ಇಟ್ಟುಬಿಡುವುದರಿಂದ ನಮ್ಮ ಕೋಪ ತಣಿಯಬಹುದು, ಪೀಡೆಯು ತೊಲಗದು. ಐವರು ಗೃಹಸ್ಥರು ಬರೆದ ದೂರು ಸಾವಿರ ಜನರ ಗೊಣಗಾಟಕ್ಕಿಂತ ಬಲವಾದುದು.