ಅದು ಕಳೆ ಅಲ್ಲ ಕಣ್ರೋ

ತೊಗರಿ ಗಿಡ ಕೊಯ್ದರು. ಬುಡಕ್ಕೇ ಕೊಯ್ದರು. ಒಂದಲ್ಲ, ಎರಡಲ್ಲ. ನಮ್ಮೂರ ಗುಡ್ಡದ 400 ಗುಂಡಿಯಲ್ಲೂ ಗಂಧದ ಸಸಿಯ ಮಗ್ಗುಲಲ್ಲಿ ನಾವೇ ಬಿತ್ತಿದ್ದ ತೊಗರಿ. ಹೆಗಲಿಗೆ ಯಂತ್ರ ನೇತುಹಾಕಿಕೊಂಡು ಬಂದ ಗುತ್ತಿಗೆ ಆಳುಗಳು ಒಂದೇ ಮಧ್ಯಾಹ್ನ ಎಲ್ಲ ಸವರಿಹಾಕಿದರು.

"ಅದು ಕಳೆ ಅಲ್ಲ ಕಣ್ರೋ, ಬಿಡ್ರೋ!" ಅಂತ ಕೊಡ ಕೆಳಗಿಟ್ಟು ಅಜ್ಜಿಯೊಬ್ಬರು ಕೂಗಿಕೊಂಡರು. ಮೇಸ್ತ್ರಿ ತಿರುಗಿಯೂ ನೋಡಲಿಲ್ಲ. "ಎಸ್ಟಿಮೇಟ್‌ನಲ್ಲಿ ಕಳೆ ತೆಗೆಯೋದು ಅಂತಿದೆ ಅಜ್ಜಿ. ಗಂಧ ಬಿಟ್ಟು ಮಿಕ್ಕಿದ್ದೆಲ್ಲ ಕಳೆನೇ."

ಗಂಧ ಒಂಟಿಯಾಗಿ ಬದುಕುವ ಮರವೇ? ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ, ಅಲ್ಲಿಂದ ನೀರು, ಸಾರ ಹೀರಿ ಮೇಲೇಳುವ ಮರ ಅದು. ಸಸಿಗೆ ತೊಗರಿ ಬೇಕು. ದೊಡ್ಡದಾದ ಮೇಲೆ ಹೊಂಗೆಯೋ ಸರ್ವೆಯೋ ಬೇಕು. ಗಂಧ ಬೆಳೆಸುವ ಯಾವ ರೈತನನ್ನಾದರೂ ಕೇಳಿ, ಮೊದಲ ಮಾತಿಗೇ ಇದನ್ನು ಹೇಳುತ್ತಾನೆ. ಎಸ್ಟಿಮೇಟಿಗೆ ಸಹಿ ಹಾಕಿದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿಲ್ಲದಿದ್ದರೆ ಆ ಕುರ್ಚಿಯಲ್ಲಿ ಏಕೆ ಕೂತಿದ್ದಾರೆ? ಗೊತ್ತಿದ್ದೂ ಸಹಿ ಹಾಕಿದ್ದರೆ ಅದಕ್ಕೆ ಏನೆನ್ನಬೇಕು?

ಮೂರೇ ವಾರ. ಎಲೆ ಹಳದಿಯಾಯಿತು, ಕುಡಿ ಬಾಡಿತು. ಒಣಗಿದ ಒಂದು ಸಸಿಯನ್ನು ಕಿತ್ತು ನೋಡಿದೆ. ಬೇರಿನ ಮೇಲೆ ರಾಗಿ ಕಾಳಿನಷ್ಟು ಸಣ್ಣ ಗಂಟುಗಳು. ಅವು ಸತ್ತ ತೊಗರಿಯ ಬೇರನ್ನು ಇನ್ನೂ ಕಚ್ಚಿ ಹಿಡಿದಿದ್ದವು. ತಾಯಿ ಸತ್ತರೂ ಮೊಲೆ ಬಿಡದ ಕೂಸಿನ ಹಾಗೆ. ಆ ಸಸಿ ಕೈಯಲ್ಲಿ ಹಿಡಿದು ಅರಣ್ಯ ಇಲಾಖೆಯ ಕಚೇರಿಗೆ ಹೋದೆವು. ಬಿಲ್ ಆಗಲೇ ಪಾಸಾಗಿತ್ತು.

ಈ ಗುಡ್ಡಕ್ಕೆ ನಾವು ಮಣ್ಣು ಹೊತ್ತಿದ್ದು ಚಟಕ್ಕಲ್ಲ. ಇಲ್ಲಿ ಗಂಧದ ಕಾಡಿತ್ತು. ಕಳ್ಳರು ಕಡಿದಷ್ಟು ಕಡಿದರು. ಉಳಿದದ್ದನ್ನು ಸ್ಪೈಕ್ ರೋಗ ತಿಂದಿತು. ರೋಗ ಬಿದ್ದ ಮರ ನೋಡಿದ್ದೀರಾ? ಎಲೆ ವರ್ಷ ವರ್ಷಕ್ಕೆ ಚಿಕ್ಕದಾಗುತ್ತದೆ, ಸೆಟೆದು ಮುಳ್ಳಿನಂತೆ ನಿಲ್ಲುತ್ತದೆ. ಹೂವಿಲ್ಲ, ಹಣ್ಣಿಲ್ಲ. ಹಣ್ಣಿಲ್ಲದ ಮರಕ್ಕೆ ಹಕ್ಕಿ ಬರುವುದಿಲ್ಲ. ಹಕ್ಕಿ ಬರದಿದ್ದರೆ ಬೀಜ ಬೀಳುವುದಿಲ್ಲ. ಎರಡು ಮೂರು ವರ್ಷದಲ್ಲಿ ಮರ ಸೌದೆ.

ಇದೇನು ನಿನ್ನೆ ಮೊನ್ನೆ ಬಂದ ರೋಗವೇ? 1899ರಲ್ಲೇ ಕೊಡಗಿನಲ್ಲಿ ಕಂಡಿತ್ತು. 1903ರಿಂದ 1916ರೊಳಗೆ ಕೊಡಗು, ಮೈಸೂರು ಸೀಮೆಯಲ್ಲಿ 10 ಲಕ್ಷಕ್ಕೂ ಹೆಚ್ಚು ಮರ ತೆಗೆಸಿದರು. ಮದ್ದು ಹುಡುಕಿದವರಿಗೆ 10,000 ರೂಪಾಯಿ ಬಹುಮಾನ ಅಂತ 1907ರಲ್ಲಿ ಮೈಸೂರು ಅರಸರು ಸಾರಿದರು. ಅಂದಿನ 10,000! ಅಷ್ಟು ಭಯವಿತ್ತು ಆಗ. ನೂರು ವರ್ಷ ದಾಟಿತು. ಇವತ್ತಿಗೂ ಖಚಿತ ಮದ್ದಿಲ್ಲ. ಇರುವ ದಾರಿ ಒಂದೇ: ರೋಗದ ಮರವನ್ನು ಬೇಗ ಗುರುತಿಸಿ ತೆಗೆಯಬೇಕು, ಇಲ್ಲದಿದ್ದರೆ ಜಿಗಿಹುಳು ಅದರ ರಸ ಹೀರಿ ಪಕ್ಕದ ಮರಕ್ಕೆ ರೋಗ ದಾಟಿಸುತ್ತದೆ.

ನಮ್ಮ ಗುಂಡಿಗಳ ಅಂಚಿನಲ್ಲೇ ಅಂಥ ಒಂದು ಮರ ನಿಂತಿದೆ. ತೆಗೆಸಿ ಅಂತ ಮೂರು ಅರ್ಜಿ ಕೊಟ್ಟೆವು. ಬಂದರು, ನೋಡಿದರು, ಹೋದರು. ನಾವೇ ಕಡಿಯೋಣವೆಂದರೆ ಅನುಮತಿಯಿಲ್ಲದೆ ಕೊಡಲಿ ಎತ್ತಿದವನು ಕಳ್ಳ, ಅವನಿಗೆ ಜೈಲು. ರೋಗ ಸಾಕುವವನಿಗೆ ಏನು ಶಿಕ್ಷೆ? ಕಾಯಬೇಕಾದವನು ಕೈಕಟ್ಟಿ ನಿಲ್ಲಬಹುದು, ನೆಡುವವನು ಮಾತ್ರ ಕೈಮುಗಿದು ಅಲೆಯಬೇಕೇ?

ಟಿಪ್ಪು 1792ರಲ್ಲಿ ಗಂಧವನ್ನು ರಾಜಮರ ಎಂದ. ಆಮೇಲೆ ಅದು ಸರ್ಕಾರಿ ಮರವಾಯಿತು. ಹೊಲದಲ್ಲಿ ತಾನಾಗಿ ಎದ್ದ ಸಸಿಯನ್ನೂ ಕೇಸಿಗೆ ಹೆದರಿ ರೈತ ಚಿವುಟಿ ಹಾಕುವ ಕಾಲ ಬಂತು. ಬೆಳೆದವನಿಗೆ ಒಡೆತನ ಸಿಕ್ಕಿದ್ದು ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಕಾಡು ಬರಿದಾಗಿತ್ತು. ಇದೇ ಗಂಧವನ್ನು ಇವತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಾವಿರಾರು ಹೆಕ್ಟೇರಿನಲ್ಲಿ ಬೆಳೆಯುತ್ತಿದ್ದಾರೆ, ಮಗ್ಗುಲಿಗೆ ಆಸರೆ ಗಿಡ ನೆಟ್ಟೇ ಬೆಳೆಯುತ್ತಿದ್ದಾರೆ. ಶ್ರೀಗಂಧದ ನಾಡು ಅಂತ ಎದೆ ಉಬ್ಬಿಸುವ ನಾವು ಆ ಗಿಡವನ್ನೇ ಕಳೆ ಅಂತ ಕೊಯ್ಯಿಸಿದೆವು. ಹೊಟ್ಟೆ ಉರಿಯುವುದಿಲ್ಲವೇ ನಿಮಗೆ?

ನಿಮಗೂ ಹೇಳುತ್ತೇನೆ. ಜೂನ್ 5ಕ್ಕೆ ಸಸಿ ಹಿಡಿದು ಫೋಟೊ ತೆಗೆಸಿಕೊಂಡಿರಿ. ಅದೇ ಗುಂಡಿಯನ್ನು ಜನವರಿಯಲ್ಲಿ ನೋಡಲು ಹೋದಿರಾ? ನಿಮ್ಮೂರಿನ ನೆಡುತೋಪಿನ ಎಸ್ಟಿಮೇಟಿನಲ್ಲಿ ಏನು ಬರೆದಿದೆ ಅಂತ ಒಮ್ಮೆಯಾದರೂ ಕೇಳಿದಿರಾ? ನೀವು ಕೇಳುವುದಿಲ್ಲ ಅನ್ನುವ ಧೈರ್ಯದಿಂದಲೇ ಅವರು ಬರೆಯುತ್ತಾರೆ.

ಅಜ್ಜಿ ಈಗಾಗಲೇ ತೊಗರಿ ಬೀಜ ತೆಗೆದಿಟ್ಟಿದ್ದಾರೆ. ಹಳೇ ಸೀರೆಯ ಗಂಟು, ಬೂದಿ ಬೆರೆಸಿದ್ದು. ಮುಂಗಾರು ಬಿದ್ದ ಕೂಡಲೇ ಅದೇ 400 ಗುಂಡಿಗೆ ಮತ್ತೆ ಇಳಿಯುತ್ತೇವೆ. ಅದಕ್ಕೆ ಮೊದಲು ಆ ರೋಗದ ಮರ ಅಲ್ಲಿಂದ ಹೋಗಬೇಕು. ಹೋಗದಿದ್ದರೆ ನಾಲ್ಕನೇ ಅರ್ಜಿ ಕೊಡಲು ಒಬ್ಬಿಬ್ಬರು ಬರುವುದಿಲ್ಲ, ಊರೇ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತದೆ. ಯಂತ್ರ ಹೊತ್ತು ಗುಡ್ಡ ಹತ್ತುವವರು ಈ ಸಲ ನಮ್ಮನ್ನು ದಾಟಿ ಹತ್ತಲಿ.